ಕೊನೇ ಗದ್ದೆಯವನು ಕಂಡ ಸಿಂಧೂ ಒಪ್ಪಂದ

ನಂದು ಮಳೆ ನಂಬಿದ ಬೇಸಾಯ. ರಾಗಿ, ತೊಗರಿ, ಹುರುಳಿ. ಊರ ಕೆರೆಯ ಕಾಲುವೆ ತುದಿಯಲ್ಲಿ ಅರ್ಧ ಎಕರೆ ಗದ್ದೆ ಇದೆ. ನೀರುಗಂಟಿ ಇದ್ದಾಗ ಯಾರ ಸರದಿ ಯಾವತ್ತು ಅಂತ ಎಲ್ಲರಿಗೂ ಗೊತ್ತಿರುತ್ತಿತ್ತು. ಆ ಪದ್ಧತಿ ನಿಂತ ಮೇಲೆ, ಮೇಲಿನವರು ಮಡೆ ತಿರುಗಿಸಿದ್ದು ನನಗೆ ತಿಳಿಯುತ್ತಿದ್ದುದು ಪೈರು ಬಾಡಿದಾಗಲೇ. ಹಾಗಾಗಿ ದೇಶದೇಶಗಳ ನದಿ ಜಗಳದ ಸುದ್ದಿ ಬಂದರೆ ಬಿಡದೆ ಓದುತ್ತೇನೆ.

ಸಿಂಧೂ ಕತೆ ನೋಡಿ. 1947ರಲ್ಲಿ ಗಡಿ ಎಳೆದಾಗ ಮಾಧೋಪುರ, ಫಿರೋಜಪುರದ ಕಾಲುವೆ ಬಾಗಿಲುಗಳು ಭಾರತದಲ್ಲಿ ಉಳಿದವು. ಆ ನೀರು ಉಣ್ಣುತ್ತಿದ್ದ ಎಷ್ಟೋ ಹೊಲಗಳು ಪಾಕಿಸ್ತಾನಕ್ಕೆ ಹೋದವು. 1948ರ ಏಪ್ರಿಲ್ 1ರಂದು ಪೂರ್ವ ಪಂಜಾಬ್ ನೀರು ನಿಲ್ಲಿಸಿತು. ಮೇ 4ಕ್ಕೆ ತಾತ್ಕಾಲಿಕ ರಾಜಿ ಆಯ್ತು. ಪೂರ್ತಿ ಇತ್ಯರ್ಥಕ್ಕೆ ಹನ್ನೆರಡು ವರ್ಷ ಹಿಡಿಯಿತು. ವಿಶ್ವಬ್ಯಾಂಕ್ ಮಧ್ಯೆ ನಿಂತು, 1960ರ ಸೆಪ್ಟೆಂಬರ್ 19ರಂದು ನೆಹರೂ ಮತ್ತು ಅಯೂಬ್ ಖಾನ್ ಕರಾಚಿಯಲ್ಲಿ ಸಹಿ ಹಾಕಿದರು.

ಅಣ್ಣತಮ್ಮಂದಿರು ಹೊಲ ಹಂಚಿಕೊಂಡ ಹಾಗೆ ಹೊಳೆಗಳನ್ನೇ ಹಂಚಿದರು. ರಾವಿ, ಬಿಯಾಸ್, ಸಟ್ಲೆಜ್ ಭಾರತಕ್ಕೆ. ಸಿಂಧೂ, ಝೀಲಂ, ಚಿನಾಬ್ ಪಾಕಿಸ್ತಾನಕ್ಕೆ. ಅವರ ಹೊಳೆಗಳಲ್ಲೂ ಕುಡಿಯಲು, ಕರೆಂಟಿಗೆ, ಮಿತಿಯೊಳಗಿನ ಬೇಸಾಯಕ್ಕೆ ನಾವು ನೀರು ಬಳಸಬಹುದು ಅಂತ ಷರತ್ತು ಬರೆದರು. ನನಗೆ ಹಿಡಿಸಿದ್ದು ಇನ್ನೊಂದು. ಎರಡೂ ಕಡೆ ಒಬ್ಬೊಬ್ಬ ಕಮಿಷನರ್ ಇರಬೇಕು, ವರ್ಷಕ್ಕೊಮ್ಮೆಯಾದರೂ ಸೇರಬೇಕು, ದಿನದಿನದ ನೀರಿನ ಲೆಕ್ಕವನ್ನು ತಿಂಗಳು ತಿಂಗಳೂ ಕೊಡಬೇಕು. 1965, 1971ರಲ್ಲಿ ಯುದ್ಧ ಆದರೂ ಒಪ್ಪಂದ ಮುರಿಯಲಿಲ್ಲ.

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದರು. ಮರುದಿನವೇ ಭಾರತ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ಕೊಂದವರಿಗೆ ಶಿಕ್ಷೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕದ ಪುಸ್ತಕ ಮುಚ್ಚಿದರೆ ಮೊದಲು ಕಂಗೆಡುವವನು ಕಾಲುವೆ ತುದಿಯ ರೈತ. ನೀರು ಕಮ್ಮಿ ಆದರೂ ಅವನಿಗೆ ತಿಳಿಯದು, ನೆರೆ ಬಂದರೂ ತಿಳಿಯದು.

ಇಡೀ ಪ್ರಪಂಚಕ್ಕೆ ಅಂತ ವಿಶ್ವಸಂಸ್ಥೆ 1997ರಲ್ಲಿ ಒಂದು ಕಾನೂನು ಮಾಡಿತು. ಅದು ಜಾರಿಗೆ ಬಂದದ್ದು 2014ರಲ್ಲಿ. ನ್ಯಾಯವಾಗಿ ಬಳಸು, ಕೆಳಗಿನವನಿಗೆ ದೊಡ್ಡ ಹಾನಿ ಮಾಡಬೇಡ, ಕಟ್ಟೆ ಕಟ್ಟುವ ಮುಂಚೆ ತಿಳಿಸು. ಇಷ್ಟೇ ಅದರ ಸಾರ. ಅದಕ್ಕೆ ಮತ ಹಾಕುವಾಗ ಭಾರತ, ಪಾಕಿಸ್ತಾನ ಎರಡೂ ತಟಸ್ಥವಾಗಿದ್ದವು.

ನಮ್ಮ ಕೆರೆಯಲ್ಲಿ ಈಗ ಸರದಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ. ನನ್ನ ಪಾಲು ಹೆಚ್ಚೇನೂ ಆಗಿಲ್ಲ. ನೀರು ಬಾರದ ವರ್ಷ ಭತ್ತ ಬಿಟ್ಟು ಹುರುಳಿ ಚೆಲ್ಲಬೇಕು ಅಂತ ಮುಂಚೆಯೇ ಗೊತ್ತಾಗುತ್ತದೆ. ಕೊನೇ ಗದ್ದೆಯವನಿಗೆ ಅಷ್ಟು ತಿಳಿದರೂ ಅರ್ಧ ಬದುಕು ಉಳಿದ ಹಾಗೆ.