ಬಾಣಂತಿಯ ತೂಕ: ಉಪವಾಸ ಪರಿಹಾರವಲ್ಲ

ಮೈಸೂರು: ಬಾಣಂತಿಗೆ ನೀರು ಕಡಿಮೆ, ತುಪ್ಪ ಹೆಚ್ಚು. ಶ್ರೀರಾಂಪುರವೂ ಸೇರಿದಂತೆ ಹಳೆ ಮೈಸೂರು ಭಾಗದ ಅನೇಕ ಮನೆಗಳಲ್ಲಿ ಈ ಪದ್ಧತಿ ಇಂದಿಗೂ ಉಳಿದಿದೆ. ಕೆಲವು ತಿಂಗಳ ನಂತರ ತೂಕ ಕಂಡು ಗಾಬರಿಯಾಗುವ ತಾಯಿ ಊಟ ಬಿಡಲು ಮುಂದಾಗುತ್ತಾಳೆ. ಎರಡೂ ಸರಿಯಲ್ಲ.

ಗರ್ಭಿಣಿ ‘ಇಬ್ಬರಿಗಾಗಿ ಉಣ್ಣಬೇಕು’ ಎಂಬ ಮಾತು ರೂಢಿಯಲ್ಲಿದೆ. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಆಕೆಗೆ ದಿನಕ್ಕೆ ಬೇಕಾದ ಹೆಚ್ಚುವರಿ ಶಕ್ತಿ 350 ಕಿಲೋಕ್ಯಾಲೊರಿ ಮಾತ್ರ. ಒಂದು ಸಣ್ಣ ರಾಗಿಮುದ್ದೆ, ಸೊಪ್ಪಿನ ಸಾರು, ಒಂದು ಲೋಟ ಹಾಲಿನಿಂದ ಇದು ಬಹುತೇಕ ದೊರೆಯುತ್ತದೆ. ಅಚ್ಚರಿಯೆಂದರೆ, ಎದೆಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ಇದಕ್ಕಿಂತ ಹೆಚ್ಚು, ಅಂದರೆ 600 ಕಿಲೋಕ್ಯಾಲೊರಿ ಅಧಿಕ ಬೇಕು. ಗರ್ಭಾವಸ್ಥೆಯಲ್ಲಿ ಸಂಗ್ರಹವಾದ ಕೊಬ್ಬು ಹಾಲಿನ ಉತ್ಪತ್ತಿಗೆ ಬಳಕೆಯಾಗುವುದರಿಂದ, ಹದವಾದ ಊಟವಿದ್ದರೆ ತೂಕ ನಿಧಾನವಾಗಿ ಇಳಿಯುತ್ತದೆ. ಉಪವಾಸದಿಂದ ಸೊರಗುವುದು ತಾಯಿಯ ದೇಹವೇ.

2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಜಾರಿಗೆ ಬಂದ ‘ಮಾತೃಪೂರ್ಣ’ ಯೋಜನೆ ಗರ್ಭಿಣಿಯರ ಜೊತೆಗೆ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಅನ್ನ, ಸಾಂಬಾರು, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿಯ ಬಿಸಿಯೂಟ ರೂಪಿಸಿದ್ದು ಈ ಅಗತ್ಯವನ್ನು ಮನಗಂಡೇ.

ಗಮನಿಸಬೇಕಾದ ಅಂಶಗಳು:

* ಬಾಯಾರಿದಾಗಲೆಲ್ಲ ನೀರು ಕುಡಿಯಬೇಕು. ನೀರು ತಡೆದರೆ ಮಲಬದ್ಧತೆ, ಮೂತ್ರದ ಸೋಂಕಿಗೆ ದಾರಿಯಾಗುತ್ತದೆ.
* ಸೊಪ್ಪು, ತರಕಾರಿ, ಬೇಳೆ ನಿಲ್ಲಿಸಬಾರದು. ತುಪ್ಪ, ಸಿಹಿಯುಂಡೆ ಮಿತಿಯಲ್ಲಿರಲಿ.
* ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯ ನಂತರವೂ 180 ದಿನ ಸೇವಿಸಬೇಕು. ಕಾಫಿ, ಚಹಾದೊಂದಿಗೆ ಬೇಡ.
* ನಡಿಗೆಯನ್ನು ನಿಧಾನವಾಗಿ ಆರಂಭಿಸಬಹುದು. ಸಿಸೇರಿಯನ್ ಆದವರು ವೈದ್ಯರನ್ನು ಕೇಳಿಯೇ ವ್ಯಾಯಾಮಕ್ಕೆ ಮುಂದಾಗುವುದು ಒಳಿತು.

ಒಂಬತ್ತು ತಿಂಗಳಲ್ಲಿ ಏರಿದ ತೂಕ ಒಂದೇ ತಿಂಗಳಲ್ಲಿ ಇಳಿಯಬೇಕೆಂಬ ಆತುರ ಸಲ್ಲದು.