ಮೈಕ್ ಸೆಟ್‌ನವರ ಕಿವಿಗೂ ತಾಲೀಮು ಬೇಕು

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಂಥ ಊರುಗಳಲ್ಲಿ ಜಾತ್ರೆಯಿರಲಿ, ನಾಟಕವಿರಲಿ, ಮೈಕ್ ಸೆಟ್ ಬೇಕೇ ಬೇಕು. ಪಾತ್ರಧಾರಿ ಬಾಯಿ ತೆರೆದೊಡನೆ ಧ್ವನಿವರ್ಧಕ ‘ಕುಂಯ್’ ಎಂದು ಕೂಗುವುದನ್ನು ಎಲ್ಲರೂ ಕೇಳಿದ್ದೇವೆ. ಸ್ಪೀಕರಿನ ಸದ್ದನ್ನೇ ಮೈಕ್ ಮತ್ತೆ ಹಿಡಿದು, ಅದು ಸುತ್ತಿ ಸುತ್ತಿ ಒಂದು ಆವರ್ತನದಲ್ಲಿ ಬೆಳೆಯುವುದೇ ಈ ಕೂಗು. ಆ ಆವರ್ತನವನ್ನು ಕಿವಿಯಿಂದಲೇ ಗುರುತಿಸಬಲ್ಲವರು, ಆವರ್ತನಗಳನ್ನು ಪಟ್ಟಿಪಟ್ಟಿಯಾಗಿ ಏರಿಳಿಸುವ ಈಕ್ವಲೈಜರಿನ 31 ಪಟ್ಟಿಗಳಲ್ಲಿ ಒಂದನ್ನಷ್ಟೇ ಇಳಿಸುತ್ತಾರೆ. ಗುರುತಿಸಲಾಗದವರು ಇಡೀ ವಾಲ್ಯೂಮ್ ತಗ್ಗಿಸುತ್ತಾರೆ; ಹಿಂದೆ ಕೂತವರಿಗೆ ಸಂಭಾಷಣೆಯೇ ಕೇಳಿಸದು.

ಆವರ್ತನ ಗುರುತಿಸುವ ಈ ಶಕ್ತಿ ಆಟದಿಂದ ಬರುತ್ತದೆ. ಧ್ವನಿ ಉಪಕರಣ ತಯಾರಿಸುವ ಹಾರ್ಮನ್ ಕಂಪನಿ ಇದಕ್ಕೆಂದೇ ‘ಹೌ ಟು ಲಿಸನ್’ ಎಂಬ ತಂತ್ರಾಂಶ ರೂಪಿಸಿತು. ಹಾಡೊಂದರ ಯಾವುದೋ ಆವರ್ತನ ಪಟ್ಟಿಯನ್ನು ಹೆಚ್ಚಿಸಿ ಅಥವಾ ತಗ್ಗಿಸಿ ಕೇಳಿಸಿದಾಗ ಅದು ಯಾವುದೆಂದು ಹೇಳಬೇಕು. ಉತ್ತರ ಸರಿಯಾದಷ್ಟೂ ಮುಂದಿನ ಹಂತ ಕಠಿಣ. ತಪ್ಪು ತಕ್ಷಣ ತಿಳಿಯುವುದರಿಂದಲೇ ಮಿದುಳು ಕಲಿಯುತ್ತದೆ. ಅದೇ ಕಂಪನಿಯ ಶಾನ್ ಆಲಿವ್ 2003ರಲ್ಲಿ 268 ಕೇಳುಗರ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಯಾವ ಸ್ಪೀಕರ್ ಚೆನ್ನ ಎಂಬುದರಲ್ಲಿ ತರಬೇತಿ ಪಡೆದವರದೂ ಪಡೆಯದವರದೂ ಬಹುಮಟ್ಟಿಗೆ ಒಂದೇ ಅಭಿಪ್ರಾಯ. ಆದರೆ ವ್ಯತ್ಯಾಸವನ್ನು ಹೆಚ್ಚು ಸೂಕ್ಷ್ಮವಾಗಿ, ಪ್ರತಿಸಲವೂ ಒಂದೇ ತೆರನಾಗಿ ಹೇಳಿದವರು ತರಬೇತಿ ಪಡೆದವರು.

ತಂತ್ರಾಂಶವಿಲ್ಲದೆಯೂ ಆಡಬಹುದು. ಒಬ್ಬರು ಬೆನ್ನು ತಿರುಗಿಸಿ ಕೂರಲಿ, ಇನ್ನೊಬ್ಬರು ಒಂದು ಪಟ್ಟಿ ಏರಿಸಲಿ. ನೆನಪಿಗೆ ನಮ್ಮ ಸ್ವರಾಕ್ಷರಗಳೇ ಸಾಕು. ಸುಮಾರು 250 ಹರ್ಟ್ಸ್ ಹೆಚ್ಚಾದರೆ ಹಾಡಿಗೆ ‘ಊ’ಕಾರದ ಛಾಯೆ ಬರುತ್ತದೆ, 500ಕ್ಕೆ ‘ಓ’, 1,000ಕ್ಕೆ ‘ಆ’, 2,000ಕ್ಕೆ ‘ಏ’, 4,000ದ ಆಸುಪಾಸಿಗೆ ‘ಈ’. ‘ಸ’ಕಾರದ ಸೀಟಿ ಅದಕ್ಕೂ ಮೇಲೆ. ಮೊದಲು 12 ಡೆಸಿಬಲ್ ಏರಿಸಿ, ಗುರುತು ಸಿಕ್ಕಂತೆ 6ಕ್ಕೆ, 3ಕ್ಕೆ ಇಳಿಸಬೇಕು. ಎರಡು ಧ್ವನಿಗಳನ್ನು ಹೋಲಿಸುವಾಗ ಮಟ್ಟ ಸಮನಾಗಿರಲಿ. ಜೋರಾಗಿರುವುದೇ ಚೆನ್ನೆಂದು ಕಿವಿ ಮೋಸಹೋಗುತ್ತದೆ.

ಆಡುವಾಗ ಸದ್ದು ಕಡಿಮೆಯಿರಲಿ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಸುರಕ್ಷಿತ ಮಿತಿ ಎನ್ನುತ್ತಾರೆ ತಜ್ಞರು. 3 ಡೆಸಿಬಲ್ ಏರಿದಂತೆಲ್ಲ ಆ ಅವಧಿ ಅರ್ಧವಾಗುತ್ತದೆ. ಕಳೆದುಹೋದ ಶ್ರವಣಶಕ್ತಿಯನ್ನು ಯಾವ ತಾಲೀಮೂ ಮರಳಿಸದು. ಉತ್ಸವ ಸಮಿತಿಗಳು ದೊಡ್ಡ ಸ್ಪೀಕರ್ ತರಿಸುವ ಮೊದಲು, ಅದನ್ನು ನಡೆಸುವ ಹುಡುಗರ ಕಿವಿಗೆ ಈ ತರಬೇತಿ ಕೊಡಿಸಲಿ.