ಮುನ್ನೂರು ವರ್ಷ ಕಾದ ಮುಡಿಪಿನ ಸಂತ

ಇಳಕಲ್ಲಿನ ಮಹಾಂತ ಸ್ವಾಮಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿದ್ದನ್ನು ಹುನಗುಂದ, ಬಾದಾಮಿ ಸೀಮೆಯ ಹಿರಿಯರು ಮರೆತಿಲ್ಲ. ಕಾಳು ಬೇಡ, ರೊಕ್ಕ ಬೇಡ, ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿ ಎನ್ನುವ ಜೋಳಿಗೆ ಅದು. ಸ್ವಾಮಿಗಳು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಆದರೆ ಅವರು ದೊಡ್ಡವರು ಹೌದೋ ಅಲ್ಲವೋ ಎಂದು ತನಿಖೆ ನಡೆಸಲು ಯಾವ ಕಚೇರಿಯೂ ಕೂಡಲಿಲ್ಲ, ಯಾರೂ ಪವಾಡದ ಸಾಕ್ಷಿ ಕೇಳಲಿಲ್ಲ. ಕೂಡಲಸಂಗಮದ ಈ ಸೀಮೆಯಲ್ಲಿ ಆ ತೀರ್ಪು ಜನರದು.

ಕ್ಯಾಥೊಲಿಕ್ ಕ್ರೈಸ್ತರಲ್ಲೂ ಮೊದಲು ಹೀಗೇ ಇತ್ತು. ಸತ್ತವರ ಸಮಾಧಿಗೆ ಜನ ಸೇರತೊಡಗಿದರೆ ಊರಿನ ಬಿಷಪ್ ಒಪ್ಪಿಗೆ ಕೊಡುತ್ತಿದ್ದರು, ಅಷ್ಟರಲ್ಲೇ ಮುಗಿಯುತ್ತಿತ್ತು. ಪೋಪ್ ಒಬ್ಬರು ಸಂತ ಪದವಿ ಘೋಷಿಸಿದ ಮೊದಲ ದಾಖಲೆ 993ರದು. ಹದಿಮೂರನೆಯ ಶತಮಾನದ ಹೊತ್ತಿಗೆ ಆ ಅಧಿಕಾರ ಪೂರ್ತಿಯಾಗಿ ರೋಮಿನ ಕೈಗೆ ಹೋಯಿತು. ಅಂದಿನಿಂದ ಯಾರು ಸಂತರು ಎಂಬುದು ಕಡತದ ವಿಷಯವಾಯಿತು. ಕಡತ ಎಂದಮೇಲೆ ತಕರಾರು ಇದ್ದದ್ದೇ.

ಕಡತ ಸಾಗುವ ದಾರಿ ನಾಲ್ಕು ಮೆಟ್ಟಿಲಿನದು. ವ್ಯಕ್ತಿ ತೀರಿಕೊಂಡು ಸಾಮಾನ್ಯವಾಗಿ ಐದು ವರ್ಷ ಕಳೆದ ಮೇಲೆ ಸ್ಥಳೀಯ ಬಿಷಪ್ ವಿಚಾರಣೆ ಆರಂಭಿಸುತ್ತಾರೆ. ಆಗ ಅವರು ‘ದೇವರ ಸೇವಕ’. ಬದುಕು, ಬರಹ, ಸಾಕ್ಷಿಗಳ ಹೇಳಿಕೆ ಎಲ್ಲವನ್ನೂ ಜಾಲಾಡಿದ ಮೇಲೆ ಅಸಾಧಾರಣ ಸದ್ಗುಣಿ ಎಂದು ರೋಮ್ ಒಪ್ಪಿದರೆ ‘ಪೂಜ್ಯ’. ಅವರಲ್ಲಿ ಮೊರೆಯಿಟ್ಟದ್ದರಿಂದ ಒಂದು ಪವಾಡ ನಡೆಯಿತೆಂದು ಸಾಬೀತಾದರೆ ‘ಪುನೀತ’. ಇನ್ನೊಂದು ಪವಾಡವಾದರೆ ‘ಸಂತ’. ಧರ್ಮಕ್ಕಾಗಿ ಪ್ರಾಣ ಕೊಟ್ಟವರಿಗೆ ಮೊದಲ ಪವಾಡದಿಂದ ವಿನಾಯಿತಿ ಉಂಟು. ಪವಾಡವೆಂದರೆ ಬಹುಮಟ್ಟಿಗೆ ವೈದ್ಯರು ಕೈಬಿಟ್ಟ ರೋಗಿ ಗುಣವಾಗುವುದು. ಅದನ್ನು ವೈದ್ಯರ ಮಂಡಳಿಯೇ ಪರಿಶೀಲಿಸುತ್ತದೆ. 2016ರ ನಿಯಮದ ಪ್ರಕಾರ ಏಳು ವೈದ್ಯರಲ್ಲಿ ಕನಿಷ್ಠ ಐವರಾದರೂ ಈ ಗುಣಕ್ಕೆ ವಿಜ್ಞಾನದಲ್ಲಿ ವಿವರಣೆಯಿಲ್ಲ ಎನ್ನಬೇಕು.

ಈ ಮೆಟ್ಟಿಲುಗಳನ್ನು ಹತ್ತಲು ಜೋಸೆಫ್ ವಾಜ್ ಎಂಬ ಪಾದ್ರಿಗೆ ಮೂರು ಶತಮಾನ ಹಿಡಿಯಿತು. ಕರ್ನಾಟಕಕ್ಕೆ ಅವರು ಹೊರಗಿನವರೇನಲ್ಲ. 1651ರಲ್ಲಿ ಗೋವೆಯ ಬಾಣಾವಲಿಯಲ್ಲಿ ಹುಟ್ಟಿದ ಕೊಂಕಣಿ ಬ್ರಾಹ್ಮಣ ಮೂಲದ ಕ್ರೈಸ್ತ ಕುಟುಂಬದ ಹುಡುಗ. 1681ರಿಂದ ಮೂರು ವರ್ಷ ಕೆನರಾ ಕರಾವಳಿಯಲ್ಲಿ ಬರಿಗಾಲಲ್ಲಿ ಅಲೆದರು. ಆಗ ಆ ಸೀಮೆ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿತ್ತು. ಶಿವಪ್ಪ ನಾಯಕ ಪೋರ್ಚುಗೀಸರ ಕೋಟೆಗಳನ್ನು ಕಿತ್ತುಕೊಂಡ ಮೇಲೆ ಅಲ್ಲಿನ ಕ್ರೈಸ್ತರಿಗೆ ಪಾದ್ರಿಗಳೇ ವಿರಳರಾಗಿದ್ದರು. ಸಾಲದ್ದಕ್ಕೆ, ಕೆನರಾದ ಚರ್ಚುಗಳ ಮೇಲೆ ಅಧಿಕಾರ ಯಾರದು ಎಂಬ ಜಗಳ ಬೇರೆ. ರೋಮ್ ನೇಮಿಸಿದ ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೊ ಒಂದು ಕಡೆ, ಪೋರ್ಚುಗಲ್ ದೊರೆಯ ಹಕ್ಕು ಹಿಡಿದ ಗೋವೆಯ ಆಡಳಿತ ಇನ್ನೊಂದು ಕಡೆ. ವಾಜರನ್ನು ಕಳಿಸಿದ್ದು ಗೋವೆ. ಆದರೂ ಅವರು ಬಿಷಪ್ಪರೊಂದಿಗೆ ಬಹಿರಂಗ ಕಲಹಕ್ಕೆ ಇಳಿಯದೆ ರಾಜಿಯ ದಾರಿ ಹುಡುಕಿದರು. ನನಗೆ ಅವರ ಬದುಕಿನಲ್ಲಿ ಎದ್ದು ಕಾಣುವುದು ಇದೇ. ಪವಾಡದ ಪಟ್ಟಿಯಲ್ಲಿ ಇಂಥದ್ದಕ್ಕೆ ಜಾಗವಿಲ್ಲ.

1687ರಲ್ಲಿ ಅವರು ಕೂಲಿಯವನ ವೇಷದಲ್ಲಿ ಶ್ರೀಲಂಕಾ ಸೇರಿದರು. ಅಲ್ಲಿನ ಕರಾವಳಿಯನ್ನು ಆಳುತ್ತಿದ್ದ ಡಚ್ಚರು ಕ್ಯಾಥೊಲಿಕ್ ಪಾದ್ರಿಗಳನ್ನು ನಿಷೇಧಿಸಿದ್ದರು. ಕ್ಯಾಂಡಿಯ ಬೌದ್ಧ ದೊರೆ ಮೊದಲು ಪೋರ್ಚುಗೀಸ್ ಗೂಢಚಾರನೆಂದು ಸೆರೆಯಲ್ಲಿಟ್ಟ, ಆಮೇಲೆ ನೆಲೆ ಕೊಟ್ಟ. 1697ರಲ್ಲಿ ಸಿಡುಬು ಬಡಿದಾಗ, ಮನೆಯವರೇ ಬಿಟ್ಟುಹೋದ ರೋಗಿಗಳನ್ನು ವಾಜ್ ಜಾತಿಮತ ನೋಡದೆ ಆರೈಕೆ ಮಾಡಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು.

ಎರಡೇ ವರ್ಷಕ್ಕೆ, 1713ರಲ್ಲಿ, ಅವರಿಗೆ ಸಂತ ಪದವಿ ಸಿಗಬೇಕೆಂಬ ಪ್ರಯತ್ನ ಶುರುವಾಯಿತು. ಶುರುವಾದದ್ದಷ್ಟೇ; ಕಡತ ತಲೆಮಾರುಗಟ್ಟಲೆ ಕದಲಲಿಲ್ಲ. ಕೊನೆಗೆ ಗೋವೆಯ ಮನೆಯೊಂದರಲ್ಲಿ 1938ರಲ್ಲಿ ನಡೆದ ಕಠಿಣ ಹೆರಿಗೆಯಲ್ಲಿ ತಾಯಿ, ಮಗು ಉಳಿದದ್ದನ್ನು ಪವಾಡವೆಂದು ಒಪ್ಪಲಾಯಿತು. ಪೋಪ್ ಎರಡನೇ ಜಾನ್ ಪಾಲ್ 1995ರ ಜನವರಿ 21ರಂದು ಕೊಲಂಬೊದಲ್ಲಿ ‘ಪುನೀತ’ರೆಂದು ಘೋಷಿಸಿದರು. ಎರಡನೆಯ ಪವಾಡ ಮಾತ್ರ ಸಿಗಲೇ ಇಲ್ಲ. ಪೋಪ್ ಫ್ರಾನ್ಸಿಸ್ ಅದಕ್ಕಾಗಿ ಕಾಯದೆ, 2015ರ ಜನವರಿ 14ರಂದು ಕೊಲಂಬೊದ ಗಾಲ್ ಫೇಸ್ ಬಯಲಿನಲ್ಲಿ ಸಂತರೆಂದು ಸಾರಿದರು.

ಪವಾಡ ಬಿಟ್ಟರೆ ಕಟ್ಟಳೆ ಸಡಿಲವಾಗುವುದಿಲ್ಲವೇ? ಇಂಥ ವಿನಾಯಿತಿಯ ಬಗ್ಗೆ ಎರಡು ಅಭಿಪ್ರಾಯಗಳಿವೆ. ಪವಾಡವೆಂದರೆ ದೇವರ ರುಜು, ಅದಿಲ್ಲದೆ ತೀರ್ಪು ಬರೀ ಮನುಷ್ಯರದಾಗುತ್ತದೆ ಎನ್ನುವುದು ಒಂದು. ಬದುಕಿಗಿಂತ ದೊಡ್ಡ ಪುರಾವೆ ಏಕೆ ಬೇಕು ಎನ್ನುವುದು ಇನ್ನೊಂದು. 2014ರಲ್ಲಿ ಸಂತರೆಂದು ಘೋಷಿತರಾದ ಪೋಪ್ 23ನೇ ಜಾನ್ ಅವರಿಗೂ ಫ್ರಾನ್ಸಿಸ್ ಇದೇ ರೀತಿ ಎರಡನೆಯ ಪವಾಡ ಬಿಟ್ಟುಕೊಟ್ಟಿದ್ದರು.

ಪವಾಡ ಇದ್ದಲ್ಲಿಯೂ ತಕರಾರು ತಪ್ಪಿಲ್ಲ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡಾಗ ಐದು ವರ್ಷದ ಕಾಯುವಿಕೆಯನ್ನೇ ಕೈಬಿಡಲಾಯಿತು. 2003ರಲ್ಲಿ ‘ಪುನೀತ’, 2016ರಲ್ಲಿ ಸಂತ. ಮೊದಲ ಪವಾಡ ಪಶ್ಚಿಮ ಬಂಗಾಳದ ಆದಿವಾಸಿ ಮಹಿಳೆಯೊಬ್ಬರ ಹೊಟ್ಟೆಯ ಗಡ್ಡೆ ಕರಗಿದ್ದು. ಅದು ಔಷಧಿಯ ಗುಣ ಎಂದು ಚಿಕಿತ್ಸೆ ಕೊಟ್ಟ ವೈದ್ಯರೇ ಹೇಳಿದರು. ಹಿಂದೆ ಇಂಥ ಆಕ್ಷೇಪ ಎತ್ತಲೆಂದೇ ರೋಮಿನಲ್ಲಿ ಒಬ್ಬ ಅಧಿಕಾರಿ ಇರುತ್ತಿದ್ದರು. ಜನ ಅವರನ್ನು ‘ಸೈತಾನನ ವಕೀಲ’ ಎನ್ನುತ್ತಿದ್ದರು. 1983ರ ಸುಧಾರಣೆಯಲ್ಲಿ ಆ ಎದುರುವಾದಿಯ ಪಾತ್ರ ಬಹುಪಾಲು ಹೋಯಿತು. ಅದೇ ಸುಧಾರಣೆ ತಂದ ಎರಡನೇ ಜಾನ್ ಪಾಲ್ ತಮ್ಮ ಕಾಲದಲ್ಲಿ 482 ಜನರನ್ನು ಸಂತರೆಂದು ಘೋಷಿಸಿದರು. ವಕೀಲನಿಲ್ಲದ ಕೋರ್ಟಿನಲ್ಲಿ ತೀರ್ಪು ಬೇಗ ಬರುತ್ತದೆ ಎಂದು ಟೀಕಾಕಾರರು ಆಡಿಕೊಂಡರೆ ಅದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಬಾಗಲಕೋಟೆಯ ಓದುಗರಿಗೆ ತೀರ ಹತ್ತಿರವೆನಿಸುವ ತಕರಾರು ಬೇರೊಂದಿದೆ. ಕನ್ಯಾಕುಮಾರಿ ಸೀಮೆಯ ನಟ್ಟಾಲಂನಲ್ಲಿ ಹುಟ್ಟಿ, ತಿರುವಾಂಕೂರಿನ ಆಸ್ಥಾನದಲ್ಲಿದ್ದ ದೇವಸಹಾಯಂ 1745ರಲ್ಲಿ ಕ್ರೈಸ್ತರಾದರು, 1752ರಲ್ಲಿ ಕೊಲ್ಲಲ್ಪಟ್ಟರು. ಧರ್ಮ ಬದಲಿಸಿದ್ದಕ್ಕೇ ಕೊಂದರೆಂದು ಚರ್ಚ್ ಹೇಳುತ್ತದೆ. ಅದನ್ನು ಒಪ್ಪದವರೂ ಇದ್ದಾರೆ. ಅವರನ್ನು 2012ರಲ್ಲಿ ‘ಪುನೀತ’ರೆಂದು ಘೋಷಿಸಿದಾಗ ಹೆಸರಿನ ಜೊತೆ ‘ಪಿಳ್ಳೈ’ ಎಂಬ ಜಾತಿಸೂಚಕವಿತ್ತು. ಎಲ್ಲ ಜಾತಿಯವರೊಡನೆ ಸಮನಾಗಿ ಬೆರೆತವರ ಹೆಸರಿಗೆ ಜಾತಿಯ ಬಾಲವೇಕೆ ಎಂದು ಕ್ರೈಸ್ತರಲ್ಲೇ ಕೆಲವರು ವ್ಯಾಟಿಕನ್ನಿಗೆ ಬರೆದರು. 2022ರ ಮೇ 15ರಂದು ಅವರು ಭಾರತದ ಮೊದಲ ಗೃಹಸ್ಥ ಸಂತರಾದಾಗ ‘ಪಿಳ್ಳೈ’ ಬಿಟ್ಟುಹೋಗಿತ್ತು. ಬಸವಣ್ಣನವರ ನಾಡಿನಲ್ಲಿ ಈ ತಿದ್ದುಪಡಿಯನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಮಂಗಳೂರಿನಲ್ಲಿ ಇನ್ನೊಂದು ಕಡತ ತೆರೆದಿದೆ. 1921ರಲ್ಲಿ ಬೆಥನಿ ಸೋದರಿಯರ ಸಂಸ್ಥೆ ಕಟ್ಟಿ ಹೆಣ್ಣುಮಕ್ಕಳ ಶಿಕ್ಷಣಕ್ಕೆ ದುಡಿದ ಪಾದ್ರಿ ರೇಮಂಡ್ ಮಸ್ಕರೇನ್ಹಸ್ ಅವರದು. 1960ರಲ್ಲಿ ತೀರಿಕೊಂಡ ಅವರಿಗೆ ‘ದೇವರ ಸೇವಕ’ ಎಂಬ ಮೊದಲ ಮೆಟ್ಟಿಲು ಸಿಕ್ಕಿದೆ. ಮುಂದಿನ ಮೆಟ್ಟಿಲುಗಳಿಗೆ ಶಾಲೆಗಳ ಲೆಕ್ಕ ಸಾಲುವುದಿಲ್ಲ, ಪವಾಡವೂ ಬೇಕು.

ವಾಜರಿಗಾಗಿ ಜನ ರೋಮಿನ ಅಪ್ಪಣೆ ಕಾಯುತ್ತ ಕೂತಿರಲಿಲ್ಲ. ಮಂಗಳೂರಿನ ಬಳಿಯ ಮುಡಿಪಿನ ಗುಡ್ಡದಲ್ಲಿ, ಕೊಲ್ಲಲು ಹೊಂಚುಹಾಕಿದವರ ಎದುರು ಅವರು ಮೊಣಕಾಲೂರಿದಾಗ ಬಂಡೆಯಿಂದ ನೀರು ಚಿಮ್ಮಿತೆಂದು ಕಥೆಯಿದೆ. ಆ ಒರತೆಗಳನ್ನು ಯಾವ ವೈದ್ಯ ಮಂಡಳಿಯೂ ಪರಿಶೀಲಿಸಿಲ್ಲ. ಅವರು ಸಂತರೆಂದು ಕಾಗದದಲ್ಲಿ ಬರುವ ಎಷ್ಟೋ ಮೊದಲೇ ಆ ಗುಡ್ಡಕ್ಕೆ ಹರಕೆ ಹೊತ್ತವರು ಬರುತ್ತಿದ್ದರು.